ಪೆಂಟಿಯಂ ಬಂದ ದೀಪಾವಳಿ

ತಾಳವಾಡಿಯಲ್ಲಿ ಜೆರಾಕ್ಸ್ ಅಂಗಡಿ ನಡೆಸುವ ನನ್ನ ಚಿಕ್ಕಪ್ಪನ ಮಗನ ಹತ್ತಿರ 2009ರಲ್ಲಿ ಕೊಂಡ ಕಂಪ್ಯೂಟರ್ ಒಂದಿದೆ. ವೃದ್ಧಾಪ್ಯ ಪಿಂಚಣಿ, ಜಾತಿ ಪ್ರಮಾಣಪತ್ರ, ಕಾಲೇಜು ಅರ್ಜಿ, ಊರಿನ ಅರ್ಧ ಕಾಗದಪತ್ರ ಅದರ ಹೊಟ್ಟೆಯೊಳಗಿಂದಲೇ ಹಾದುಹೋಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತೆಂದು ಪರದೆಯ ಮೇಲೆ ಸೂಚನೆ ಬಂದಾಗ ಅವನು ನನಗೆ ಫೋನ್ ಮಾಡಿದ. "ಅಣ್ಣ, ಇದನ್ನ ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ. ಪ್ರೊಸೆಸರ್ ಒಂದು ಬದಲಾಯಿಸಿದ್ರೆ ವಿಂಡೋಸ್ ಹನ್ನೊಂದು ಓಡುತ್ತಾ?"

ಓಡುವುದಿಲ್ಲ. ಅವನ ಮದರ್‌ಬೋರ್ಡ್ ಇಂಟೆಲ್‌ನ ಜಿ31 ಚಿಪ್‌ಸೆಟ್ಟಿನದು. ಪ್ರೊಸೆಸರ್ ಕೂರುವ ಸಾಕೆಟ್ 775. ಕೂತಿದ್ದದ್ದು ಪೆಂಟಿಯಂ ಡ್ಯುಯಲ್ ಕೋರ್ ಇ5200. ಇಂಟೆಲ್ ಚಿಪ್‌ಗಳಲ್ಲಿ ಎಂಟನೇ ತಲೆಮಾರಿನಿಂದ ಈಚಿನದಾಗಿರಬೇಕು ಎಂಬುದು ವಿಂಡೋಸ್ 11ರ ಷರತ್ತು. ಅದನ್ನು ಹೇಗೋ ತಪ್ಪಿಸಿ ಹಾಕಿಕೊಂಡರೂ, 2024ರ ಆವೃತ್ತಿಯಿಂದ ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಪ್ರೊಸೆಸರಿನಲ್ಲಿ ಇರಲೇಬೇಕು. 775ರ ಸಾಕೆಟ್ಟಿಗೆ ಬಂದ ಯಾವ ಚಿಪ್ಪಿನಲ್ಲೂ ಅದು ಇಲ್ಲ. ಆದರೆ ಲಿನಕ್ಸ್ ಹಾಕಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, ಕೋರ್ 2 ಡ್ಯುಯೋ ಇ7500 ಒಂದನ್ನು ಸೇರಿಸಿದರೆ ಅವನ ಕೆಲಸಕ್ಕೆ ಇನ್ನೂ ಕೆಲವು ವರ್ಷ ಧಾರಾಳವಾಗಿ ಸಾಕು. ನಾಲ್ಕು ಕೋರಿನ ಚಿಪ್ಪೂ ಆ ಸಾಕೆಟ್ಟಿನಲ್ಲಿ ಕೂರುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು 95 ವ್ಯಾಟ್ ಬೇಡುತ್ತವೆ, ಇಷ್ಟು ಹಳೆಯ ಅಗ್ಗದ ಬೋರ್ಡನ್ನು ಅಷ್ಟು ದುಡಿಸುವುದು ನನಗೆ ಸರಿಯೆನಿಸಲಿಲ್ಲ. ಇ7500ಕ್ಕೆ ಮೊದಲಿದ್ದ ಚಿಪ್ಪಿನಂತೆಯೇ 65 ವ್ಯಾಟ್ ಸಾಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಳಸಿದ್ದು ಸಿಕ್ಕಿತು, ಕೆಲವೇ ನೂರು ರೂಪಾಯಿ. ಒಂದು ಭಾನುವಾರ ಮೈಸೂರಿನಿಂದ ಚಾಮರಾಜನಗರದ ಮೇಲೆ ತಾಳವಾಡಿಗೆ ಹೋದೆ.

ಫ್ಯಾನಿನ ನಾಲ್ಕು ಮೂಲೆಯ ಪ್ಲಾಸ್ಟಿಕ್ ಗೂಟಗಳನ್ನು ತಿರುಗಿಸಿ ಮೇಲಕ್ಕೆಳೆದಾಗ ಕೆಳಗೆ ಬಿಳಿ ಪೇಸ್ಟು ಒಣಗಿ ಸುಣ್ಣದ ಪುಡಿಯಾಗಿತ್ತು. ಸಾಕೆಟ್ಟಿನ ಪಕ್ಕದ ಕಬ್ಬಿಣದ ಕಡ್ಡಿಯನ್ನು ಒತ್ತಿ ಸರಿಸಿ ಮುಚ್ಚಳ ತೆರೆದೆ. ಚಿಕ್ಕಪ್ಪನ ಮಗ ಬಗ್ಗಿ ನೋಡುತ್ತಿದ್ದ. ಚಿಪ್ಪಿನ ಅಂಚನ್ನು ಎರಡು ಬೆರಳಲ್ಲಿ ಹಿಡಿಯುವ ಮುಂಚೆ ನನ್ನ ಎಡಗೈ ತಾನಾಗಿಯೇ ಹೋಗಿ ಡಬ್ಬದ ತಗಡನ್ನು ಮುಟ್ಟಿತು. "ಅದ್ಯಾಕೆ ಮುಟ್ಟಿದ್ರಿ?" ಅಂದ. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ತಗಡಿಗೆ ಇಳಿದುಹೋಗಲಿ, ಚಿಪ್ಪಿಗೆ ತಗಲದಿರಲಿ ಎಂದು ವಿವರಿಸಿದೆ. ಅದನ್ನು ನನಗೆ ಹೇಳಿಕೊಟ್ಟಾಕೆಯ ಕೈ, ಮೊಣಕೈವರೆಗೆ ಸರಿಸಿ ರಬ್ಬರ್ ಬ್ಯಾಂಡು ಹಾಕಿ ನಿಲ್ಲಿಸಿದ ಗಾಜಿನ ಬಳೆಗಳು ಅಲ್ಲಿಯೇ ಕಣ್ಣಿಗೆ ಕಟ್ಟಿದವು.

1999ರಲ್ಲಿ ನಾನು ದಿಂಬಂ ಘಾಟಿಯ 27 ತಿರುವು ಇಳಿದು ತಿರುಪ್ಪೂರಿಗೆ ಹೋದವನು. ತಾಳವಾಡಿಯ ಕಡೆಯವರಿಗೆ ಅದು ಹೊಸದೇನಲ್ಲ. ನಮ್ಮ ಸೀಮೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು, ಮನೆಮಾತು ಕನ್ನಡ, ಶಾಲೆಯೂ ಕನ್ನಡದ್ದೇ. ಓದಿದ ಮೇಲೆ ಕೆಲಸ ಹುಡುಕುವವರು ಒಂದೋ ಚಾಮರಾಜನಗರ, ಮೈಸೂರಿನ ಕಡೆ ಹೋಗಬೇಕು, ಇಲ್ಲವೇ ಘಾಟಿ ಇಳಿಯಬೇಕು. ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅವಿನಾಶಿ ದಾಟಿದರೆ ತಿರುಪ್ಪೂರು. ಅದು ಆಗ ಕೊಯಮತ್ತೂರು ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಯಾವ ಬೀದಿಗೆ ಹೊಕ್ಕರೂ ಬನಿಯನ್ ಕಂಪನಿ. ಒಂದು ಮನೆಯಲ್ಲಿ ನಿಟ್ಟಿಂಗ್ ಯಂತ್ರ, ಪಕ್ಕದಲ್ಲಿ ಓವರ್‌ಲಾಕ್ ಹೊಲಿಗೆ, ಅದರಾಚೆ ಚೆಕಿಂಗ್, ಇಸ್ತ್ರಿ, ಪ್ಯಾಕಿಂಗ್. ಬಟ್ಟೆ ಒಂದು ಕಟ್ಟಡದಲ್ಲಿ ಹುಟ್ಟಿ ಹತ್ತು ಕಟ್ಟಡಗಳಲ್ಲಿ ಬೆಳೆದು ಪೆಟ್ಟಿಗೆ ಸೇರುತ್ತಿತ್ತು. ಸಣ್ಣ ಟೆಂಪೋಗಳು ಹಗಲೂ ರಾತ್ರಿ ಅರ್ಧಂಬರ್ಧ ಅಂಗಿಗಳನ್ನು ಹೊತ್ತು ಓಡುತ್ತಿದ್ದವು.

ನನಗೆ ಸಿಕ್ಕಿದ್ದು ಒಂದು ಪ್ರಿಂಟಿಂಗ್ ಪಟ್ಟರೆ. ಟೀ ಶರ್ಟಿನ ಎದೆಯ ಮೇಲಿನ ಚಿತ್ರ ಅಚ್ಚು ಹಾಕುವ ಜಾಗ. ಕೊಯಮತ್ತೂರಿನಲ್ಲಿ ಆರು ತಿಂಗಳು ಡಿಟಿಪಿ ಕಲಿತದ್ದೇ ನನ್ನ ವಿದ್ಯೆ. ತಿಂಗಳಿಗೆ 1,800 ರೂಪಾಯಿ ಸಂಬಳ, ಪಟ್ಟರೆಯ ಮಾಳಿಗೆಯಲ್ಲಿ ಇನ್ನಿಬ್ಬರ ಜೊತೆ ಮಲಗಲು ಜಾಗ. ಕಂಪ್ಯೂಟರಿದ್ದ ಕೋಣೆಯಲ್ಲಿ ಮಾತ್ರ ಏಸಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಪಟ್ಟರೆಯ ಮೂವತ್ತು ಜನರಲ್ಲಿ ಆ ಕೋಣೆಯೊಳಗೆ ಕೂರುವ ಹಕ್ಕಿದ್ದದ್ದು ನನಗೊಬ್ಬನಿಗೆ. ಆ ಹೆಮ್ಮೆ ನನ್ನನ್ನು ಬಹಳ ದಿನ ಕುರುಡು ಮಾಡಿತ್ತು ಎಂದು ಈಗ ಅನಿಸುತ್ತದೆ. ಹೊರಗೆ ಬಣ್ಣದ, ಅಂಟಿನ, ಸೀಮೆಎಣ್ಣೆಯ ವಾಸನೆಯಲ್ಲಿ ಬೆವರುತ್ತಿದ್ದವರಿಗೂ ನನಗೂ ಒಂದೇ ಗಾಜಿನ ಬಾಗಿಲು ಅಡ್ಡ.

ಧಣಿಯನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು. ಅವರು ದೇವಾಂಗರು. ವಿಜಯನಗರದ ಕಾಲದಲ್ಲಿ ಹಿರಿಯರು ಮಗ್ಗ ಹೊತ್ತು ದಕ್ಷಿಣಕ್ಕೆ ಬಂದರೆಂಬ ಮಾತು ಅವರ ಮನೆಯಲ್ಲಿ ಇನ್ನೂ ಇತ್ತು. ಅವರ ತಂದೆ ಭವಾನಿ ಹೊಳೆ ದಂಡೆಯ ಸಿರುಮುಗೈಯಲ್ಲಿ ಸೀರೆ ನೇಯುತ್ತಿದ್ದವರು. ಮನೆಯೊಳಗೆ ಅವರಾಡುವ ಕನ್ನಡದಲ್ಲಿ ಮುಕ್ಕಾಲು ಪಾಲು ನನಗೆ ತಿಳಿಯುತ್ತಿತ್ತು, ಉಳಿದದ್ದು ತಮಿಳಿನಿಂದ ತುಂಬಿಕೊಳ್ಳುತ್ತಿತ್ತು. ಕನ್ನಡ ಅಕ್ಷರ ಅವರ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಕರ್ನಾಟಕದ ನೆಂಟರಿಂದ ಲಗ್ನಪತ್ರಿಕೆ ಬಂದರೆ ನನ್ನನ್ನು ಕರೆಸುವರು. ನಾನು ಓದುವೆ, ಅವರ ತಾಯಿ ಕಣ್ಣು ಮುಚ್ಚಿಕೊಂಡು ಕೇಳುವರು, ಹೆಸರುಗಳನ್ನು ಇನ್ನೊಮ್ಮೆ ಓದಿಸುವರು. ನನಗೆ ಪಟ್ಟರೆಯ ಕೆಲಸ ಸಿಕ್ಕಿದ್ದೇ ಕನ್ನಡ ಬರುತ್ತದೆಂದು.

ಅಣ್ಣನಿಗೆ ಕಂಪ್ಯೂಟರ್ ಅಂದರೆ ಭಯವಿರಲಿಲ್ಲ. ಹುಡುಗನಾಗಿದ್ದಾಗ ಜಕಾರ್ಡ್ ಮಗ್ಗಕ್ಕೆ ರಟ್ಟು ತೂತು ಹೊಡೆದವರು ಅವರು. ಚೌಕುಳಿ ಕಾಗದದ ಮೇಲೆ ನವಿಲೋ ರುದ್ರಾಕ್ಷಿಯೋ ಬಿಡಿಸಿ, ಒಂದೊಂದು ಸಾಲಿಗೆ ಒಂದೊಂದು ರಟ್ಟು ಕೊರೆದು, ಎಲ್ಲವನ್ನೂ ದಾರದಿಂದ ಪೋಣಿಸಿದರೆ ಮಗ್ಗ ಆ ಚಿತ್ರವನ್ನು ತಾನೇ ಎತ್ತುತ್ತದೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಕೆಳಗಿರುತ್ತದೆ. ಫ್ರಾನ್ಸಿನ ಲಿಯಾನ್‌ನ ಜಕಾರ್ಡ್ 1804ರಲ್ಲಿ ಮಾಡಿದ ಈ ಏರ್ಪಾಟಿನ ರಟ್ಟುಗಳನ್ನೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಳಸಲು ಯೋಚಿಸಿದ್ದ. ಈ ಕತೆ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪುಸ್ತಕದಿಂದ. ಅಣ್ಣನಿಗೆ ಪುಸ್ತಕ ಬೇಕಾಗಿರಲಿಲ್ಲ. ಮೊದಲ ದಿನವೇ ಪರದೆಯ ಮೇಲಿನ ಚಿತ್ರವನ್ನು ದೊಡ್ಡದು ಮಾಡಿಸಿ, ಚೌಕಗಳು ಕಂಡ ಕೂಡಲೇ, "ಇಷ್ಟೇ ತಾನೆ? ನಮ್ಮಪ್ಪ ಮಾಡ್ತಿದ್ದದ್ದೇ" ಎಂದಿದ್ದರು.

ನನ್ನ ಕೆಲಸ ಬಣ್ಣ ಬೇರ್ಪಡಿಸುವುದು. ಖರೀದಿದಾರರ ಕಡೆಯಿಂದ ಚಿತ್ರ ಬರುತ್ತದೆ. ಹುಲಿಯ ಮುಖವೋ ಕಾರೋ ಕಾರ್ಟೂನೋ ಏನಾದರೂ. ಅದನ್ನು ಸ್ಕ್ಯಾನ್ ಮಾಡಿ, ಫೋಟೊಶಾಪಿನಲ್ಲಿ ಆರೋ ಎಂಟೋ ಬಣ್ಣಕ್ಕೆ ಒಡೆದು, ಪ್ರತಿ ಬಣ್ಣಕ್ಕೂ ಒಂದು ಕಪ್ಪು ಬಿಳುಪಿನ ಪಾಸಿಟಿವ್ ತೆಗೆಯಬೇಕು. ತಿಳಿಯಿಂದ ಗಾಢಕ್ಕೆ ಇಳಿಯುವ ಛಾಯೆಗಳನ್ನು ಚುಕ್ಕಿಗಳಾಗಿ ಒಡೆಯಬೇಕು. ಒಂದೊಂದು ಬಣ್ಣದ ಚುಕ್ಕಿಸಾಲನ್ನು ಒಂದೊಂದು ಕೋನಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಚುಕ್ಕಿಗಳೂ ಸ್ಕ್ರೀನಿನ ಜಾಲರಿಯೂ ಒಂದರ ಮೇಲೊಂದು ಬಿದ್ದು ಹುಲಿಯ ಕೆನ್ನೆಯ ಮೇಲೆ ಅಲೆಅಲೆಯಾದ ಗೆರೆ ಮೂಡುತ್ತದೆ. ಆ ಪಾಸಿಟಿವ್‌ನಿಂದ ಸ್ಕ್ರೀನ್ ಸುಡುತ್ತಾರೆ. ಉದ್ದ ಮೇಜಿನ ಮೇಲೆ ಅಂಟು ಹಚ್ಚಿ ಕತ್ತರಿಸಿದ ಮುಂಭಾಗದ ಬಟ್ಟೆಗಳನ್ನು ಸಾಲಾಗಿ ಕೂರಿಸಿ, ಇಬ್ಬರು ಸ್ಕ್ರೀನ್ ಹೊತ್ತು ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಒಂದು ಬಣ್ಣ ಮುಗಿದು ಒಣಗಿದ ಮೇಲೆ ಇನ್ನೊಂದು. ಮೊದಲ ಅಚ್ಚಿನ ತುಂಡು, ಅದರ ಹೆಸರು ಸ್ಟ್ರೈಕ್ ಆಫ್, ಖರೀದಿದಾರನಿಗೆ ಹೋಗಿ ಒಪ್ಪಿಗೆಯಾಗಿ ಬಂದ ಮೇಲೆ ಸಾವಿರಾರು.

ಆ ಕಂಪ್ಯೂಟರ್ ಕೊಯಮತ್ತೂರಿನಲ್ಲಿ ಜೋಡಿಸಿ ತಂದದ್ದು. ಒಳಗೆ ಸೆಲೆರಾನ್ 266. 1998ರ ಏಪ್ರಿಲ್‌ನಲ್ಲಿ ಇಂಟೆಲ್ ಹೊರತಂದ ಮೊದಲ ಸೆಲೆರಾನ್ ಅದು. ಬೆಲೆ ಇಳಿಸಲು ಪೆಂಟಿಯಂ 2ರ ಎರಡನೇ ಹಂತದ ಕ್ಯಾಶನ್ನು ಪೂರ್ತಿ ಕಿತ್ತುಹಾಕಿ ಮಾಡಿದ ಚಿಪ್ಪು. ಪತ್ರ ಟೈಪ್ ಮಾಡಲು ಸಾಕು, ಚಿತ್ರದ ಕೆಲಸಕ್ಕೆ ಸಾಲದು. ಜೊತೆಗೆ ರ‍್ಯಾಮ್ ಬರೀ 32 ಎಂಬಿ. ಚಿತ್ರವನ್ನು ತುಸು ತಿರುಗಿಸು ಎಂದರೂ ಮರಳುಗಡಿಯಾರ ಬಂದು ಕೂರುತ್ತಿತ್ತು, ಹಾರ್ಡ್ ಡಿಸ್ಕು ಕರಕರ ಅನ್ನುತ್ತಿತ್ತು.

ಹಾಗೆ ಅದು ಯೋಚಿಸುತ್ತಿರುವಾಗ ನಾನು ಚಪ್ಪಲಿ ಮೆಟ್ಟಿ ಹೊರಗೆ ಬರುತ್ತಿದ್ದೆ. ಬೀದಿ ತುದಿಯ ಟೀ ಅಂಗಡಿಗೆ ಹೋಗಿಬರುವಷ್ಟು ಹೊತ್ತು ಹೇಗೂ ಸಿಗುತ್ತಿತ್ತು. ಇಲ್ಲವೇ ಮೇಜಿನ ಹತ್ತಿರ ನಿಲ್ಲುವೆ. ಬಣ್ಣ ಕಲಸುವ ಮುದುಕರೊಬ್ಬರಿದ್ದರು, ಮಧುರೆ ಕಡೆಯವರು. ಡಬ್ಬಿಯೊಳಗೆ ಬೆರಳದ್ದಿ ಬಟ್ಟೆಯ ಮೇಲೆ ಉಜ್ಜಿ, ಒಣಗಿದ ಮೇಲೆ ಯಾವ ಬಣ್ಣವಾಗುತ್ತದೆಂದು ಹೇಳುವರು. ಪರದೆಯ ಮೇಲೆ ನನಗೆ ಕಂಡ ಕೆಂಪು ಬಟ್ಟೆಯ ಮೇಲೆ ಯಾಕೆ ಇಟ್ಟಿಗೆಯ ಬಣ್ಣವಾಗುತ್ತದೆಂದು ಅವರಿಂದಲೇ ಕಲಿತೆ. ಕಪ್ಪು ಬಟ್ಟೆಗೆ ಮೊದಲು ಬಿಳಿಯ ತಳ ಹಾಕಬೇಕು, ಆ ಬಿಳಿ ಮೇಲಿನ ಬಣ್ಣಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಇಣುಕುತ್ತದೆ. ಇದೂ ಅವರು ಹೇಳಿದ್ದೇ. ಸ್ಕ್ರೀನ್ ಹೊರುವ ಹುಡುಗರ ಹೆಸರು, ಊರು, ಯಾರ ತಂಗಿಗೆ ಮದುವೆ, ಯಾರು ಚೀಟಿ ಎತ್ತಿದರು, ಎಲ್ಲ ನನಗೆ ಗೊತ್ತಿತ್ತು. ಇದೆಲ್ಲ ಆ ನಿಧಾನದ ಸೆಲೆರಾನ್ ಕೊಟ್ಟ ಹೊತ್ತಿನಲ್ಲಿ ಆದದ್ದು.

2000ರ ಜುಲೈ 30ರ ರಾತ್ರಿ ನಮ್ಮ ತಾಳವಾಡಿ ಸೀಮೆಯ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಬೆಂಗಳೂರಿನಲ್ಲಿ ಗಲಭೆ, ಎರಡೂ ರಾಜ್ಯಗಳ ನಡುವೆ ಬಸ್ಸು ನಿಂತವು, ನಮ್ಮ ಕಾಡುದಾರಿಯಲ್ಲಿ ಪೊಲೀಸರೋ ಪೊಲೀಸರು. ಅಪ್ಪ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಹೇಳಿ ಕಳಿಸುವವರೆಗೂ ಊರ ಕಡೆ ಬರಬೇಡ ಎಂದರು. ತಿರುಪ್ಪೂರಿನಲ್ಲಿ ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಆದರೂ ಅಣ್ಣ ಒಳಗೆ ಕರೆದು, "ಸ್ವಲ್ಪ ದಿನ ಬೀದೀಲಿ ಕನ್ನಡ ಬೇಡ ತಂಬಿ. ಮನೇಲಿ ಆಡ್ಕೋ" ಎಂದರು. ಅವರ ಮುಖದಲ್ಲಿ ನಾನು ಅವತ್ತಿನವರೆಗೆ ಕಂಡಿರದ ಅಂಜಿಕೆ ಇತ್ತು. ಎಷ್ಟೋ ತಲೆಮಾರು ಕೊಯಮತ್ತೂರಿನಲ್ಲಿ ಬಾಳಿದ ಮನೆತನದವರು ಅವರು.

ಅದೇ ದಿನಗಳಲ್ಲಿ ದೊಡ್ಡ ಆರ್ಡರ್ ಬಂತು. ಯುರೋಪಿನ ಮಕ್ಕಳ ಟೀ ಶರ್ಟು, ಹಲವು ಚಿತ್ರ, ಒಂದೊಂದಕ್ಕೂ ಎಂಟು ಬಣ್ಣ. ನನ್ನ ಯಂತ್ರದಲ್ಲಿ ಅದು ಸಾಧ್ಯವಿರಲಿಲ್ಲ. ಹೊಸ ಕಂಪ್ಯೂಟರ್ ಕೊಳ್ಳಲು ಅಣ್ಣನ ಕೈಯಲ್ಲಿ ಹಣವಿರಲಿಲ್ಲ. ಆಗ ಕೊಯಮತ್ತೂರಿನ ಗಾಂಧಿಪುರದಿಂದ ಬಂದವಳು, ನಾನು ಅಕ್ಕ ಎಂದು ಕರೆದವಳು.

ಪಾಲಿಟೆಕ್ನಿಕ್ ಮುಗಿಸಿ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಸರ್ವಿಸ್ ಕೆಲಸಕ್ಕಿದ್ದಳು. ನನಗಿಂತ ಮೂರು ನಾಲ್ಕು ವರ್ಷಕ್ಕೆ ದೊಡ್ಡವಳು. ಬಸ್ಸಿನಲ್ಲಿ ಬಂದು, ಬಸ್ಸಿನಲ್ಲಿ ಹೋಗುತ್ತಿದ್ದಳು. ಫ್ಲಾಪಿಗಳನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟು ತರುತ್ತಿದ್ದಳು. ಬಸ್ಸಿನ ನೂಕಿನಲ್ಲಿ ಬಾಗುವುದಿಲ್ಲ, ಮಳೆಗೆ ನೆನೆಯುವುದಿಲ್ಲ. ಡಬ್ಬ ಬಿಚ್ಚಿ ಮದರ್‌ಬೋರ್ಡಿನ ಮೇಲಿನ ಸಣ್ಣ ಅಕ್ಷರಗಳನ್ನು ಟಾರ್ಚ್ ಹಿಡಿದು ಓದಿ, ಅಣ್ಣನಿಗೆ ಹೇಳಿದಳು: "ಬೋರ್ಡ್ ಒಳ್ಳೇದುಂಗ. ಬಿಎಕ್ಸ್. ಇದನ್ನ ಬಿಡಬೇಡಿ, ಪ್ರೊಸೆಸರ್ ಮಾತ್ರ ಬದಲಾಯಿಸೋಣ."

ಇಂಟೆಲ್‌ನ 440ಬಿಎಕ್ಸ್ ಆ ಕಾಲದಲ್ಲಿ ಹೆಸರು ಮಾಡಿದ ಚಿಪ್‌ಸೆಟ್. 66 ಮೆಗಾಹರ್ಟ್ಸ್‌ನಲ್ಲೂ 100ರಲ್ಲೂ ನಡೆಯುತ್ತಿತ್ತು. ಪೆಂಟಿಯಂ 2ಕ್ಕೆ ಹುಟ್ಟಿ ಪೆಂಟಿಯಂ 3ನ್ನೂ ಹೊತ್ತಿತು. ಅಣ್ಣ ಹೊಸದಾಗಿ ಬಂದಿದ್ದ ಇನ್ನೂ ವೇಗದ 650ನ್ನೇ ಹಾಕೋಣ ಎಂದರು. ಅಕ್ಕ ಬೇಡವೆಂದಳು. ಆ ಹೊಸ ಚಿಪ್ಪುಗಳು 1.65 ವೋಲ್ಟಿನವು. ನಮ್ಮ ಬೋರ್ಡು 1.8ರ ಕೆಳಗೆ ಇಳಿಸಲಾರದು. 1999ರ ಫೆಬ್ರುವರಿಯಲ್ಲಿ ಬಂದ ಮೊದಲ ಪೆಂಟಿಯಂ 3, 500 ಮೆಗಾಹರ್ಟ್ಸ್‌ನದು, 2 ವೋಲ್ಟಿನದು. ಅದೇ ಸರಿ ಎಂದಳು. ಅದಕ್ಕೆ 512 ಕೆಬಿ ಕ್ಯಾಶ್ ಇದೆ ಎಂದಾಗ ಅಣ್ಣ ಕ್ಯಾಶ್ ಅಂದರೇನು ಎಂದು ಕೇಳಿದರು. ಪ್ರೊಸೆಸರಿಗೆ ಬೇಕಾದ್ದನ್ನು ಪಕ್ಕದಲ್ಲೇ ಇಟ್ಟುಕೊಳ್ಳುವ ಜಾಗ, ಇಲ್ಲದಿದ್ದರೆ ಪ್ರತಿಸಲ ದೂರದ ರ‍್ಯಾಮಿಗೆ ಹೋಗಿ ತರಬೇಕು ಎಂದಳು. ಅಣ್ಣ ತಲೆಯಾಡಿಸಿದರು. "ಕಂಡಿಕೆ ಸುತ್ತಿ ಪಕ್ಕದಲ್ಲಿ ಇಟ್ಟಿರಬೇಕು. ಒಂದೊಂದಕ್ಕೂ ಎದ್ದು ಹೋಗ್ತಿದ್ರೆ ಲಾಳಿ ಎಷ್ಟು ವೇಗವಾಗಿ ಓಡಿ ಏನು ಬಂತು?" ಆಮೇಲೆ ಕಂಪ್ಯೂಟರ್ ಓದಿದ ಎಷ್ಟೋ ಜನರಿಗೆ ನಾನು ಕ್ಯಾಶ್ ವಿವರಿಸಿದ್ದು ಅಣ್ಣನ ಈ ಮಾತಿನಿಂದಲೇ.

ಪ್ರೊಸೆಸರ್ ಬದಲಾಯಿಸುವುದು ಎಂದರೆ ಅದೊಂದನ್ನೇ ಬದಲಾಯಿಸುವುದು ಎಂದು ಯಾರೂ ತಿಳಿಯಬಾರದು. ಹಳೆಯ ರ‍್ಯಾಮು 66 ಮೆಗಾಹರ್ಟ್ಸ್‌ನದು. ಹೊಸ ಚಿಪ್ಪು ನಡೆಯುವುದು 100ರಲ್ಲಿ. ಆದ್ದರಿಂದ ರ‍್ಯಾಮೂ ಹೊಸದು ಬೇಕು. ಬೋರ್ಡಿನ ಬಯೋಸ್‌ಗೆ ಪೆಂಟಿಯಂ 3ರ ಗುರುತೇ ಇಲ್ಲ, ಅದನ್ನೂ ಹೊಸದು ಮಾಡಬೇಕು. ಎಲ್ಲ ಸೇರಿ ನನ್ನ ಐದಾರು ತಿಂಗಳ ಸಂಬಳ ಮೀರಿತು.

ಸೆಪ್ಟೆಂಬರಿನ ಒಂದು ರಾತ್ರಿ ಪಟ್ಟರೆ ನಿಂತ ಮೇಲೆ ಕೆಲಸ ಶುರುವಾಯಿತು. ಮೊದಲು ಬಯೋಸ್. ಕೊಯಮತ್ತೂರಿನ ಬ್ರೌಸಿಂಗ್ ಸೆಂಟರಿನಲ್ಲಿ ಇಳಿಸಿಕೊಂಡ ಫೈಲು ಫ್ಲಾಪಿಯಲ್ಲಿತ್ತು. ಬಯೋಸ್ ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡು ಕಣ್ಣು ಬಿಡುವುದೇ ಇಲ್ಲ. ಹಗಲಿನಲ್ಲಿ ತಿರುಪ್ಪೂರಿನ ಕರೆಂಟನ್ನು ನಂಬುವಂತಿರಲಿಲ್ಲ. ಯುಪಿಎಸ್ಸಿನ ಬ್ಯಾಟರಿಯನ್ನೂ ಅಕ್ಕ ನಂಬಲಿಲ್ಲ. ಏಸಿ ನಿಲ್ಲಿಸಿದಳು, ಪಕ್ಕದ ಕೋಣೆಯ ಫ್ಯಾನು, ದೀಪ ಎಲ್ಲ ನಿಲ್ಲಿಸಿದಳು. ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬತೊಡಗಿತು. ಅಣ್ಣ ಬಾಗಿಲ ಹೊರಗೆ ನಿಂತು ಬೀದಿದೀಪವನ್ನೇ ನೋಡುತ್ತಿದ್ದರು. ಪಟ್ಟಿ ತುಂಬಿತು. ಅಕ್ಕ ಫ್ಲಾಪಿ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಆ ಪ್ರೊಸೆಸರ್ ಈಗಿನವುಗಳಂತೆ ಚಪ್ಪಟೆ ಚೌಕವಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಅಗಲವಾದ ಹಲಗೆ, ಬೋರ್ಡಿನ ಉದ್ದ ಸೀಳಿನೊಳಗೆ ನೆಟ್ಟಗೆ ನಿಲ್ಲುವಂಥದ್ದು. ಸ್ಲಾಟ್ 1 ಎನ್ನುತ್ತಿದ್ದರು. ಅಕ್ಕ ಬಳೆಗಳನ್ನು ಮೇಲಕ್ಕೆ ಸರಿಸಿ ರಬ್ಬರ್ ಬ್ಯಾಂಡು ಹಾಕಿದಳು, ಡಬ್ಬದ ತಗಡು ಮುಟ್ಟಿದಳು, ನನಗೂ ಮುಟ್ಟಲು ಹೇಳಿದಳು. ಹಳೆಯದನ್ನು ತೆಗೆದಾದ ಮೇಲೆ ಹೊಸದನ್ನು ನನ್ನ ಕೈಗೆ ಕೊಟ್ಟಳು. "ನೀನೇ ಹಾಕು ತಂಬಿ. ನಾಳೆ ನಾನು ಇರಲ್ಲ, ಇದರ ಜೊತೆ ಇರೋನು ನೀನು." ಎರಡೂ ಹೆಬ್ಬೆರಳಿಂದ ಸಮನಾಗಿ ಒತ್ತಲು ಹೇಳಿದಳು. ಟಕ್ ಎಂದು ಎರಡೂ ಬದಿಯ ಕೊಂಡಿ ಹಿಡಿಯಿತು. ಫ್ಯಾನಿನ ತಂತಿ ಸಿಕ್ಕಿಸಿ, ಜಂಪರ್ ನೋಡಿ, ಸ್ವಿಚ್ ಹಾಕಿದಾಗ ಪರದೆಯ ಮೇಲೆ ಪೆಂಟಿಯಂ 3, 500 ಎಂದು ಬಂತು. ಅಣ್ಣ ಕರ್ಪೂರ ಹಚ್ಚಿದರು. ಮುಂದಿನ ಆಯುಧಪೂಜೆಗೆ ಡಬ್ಬಕ್ಕೆ ಮೂರು ಕಡೆ ಚಂದನ, ಕುಂಕುಮ.

ಮರುದಿನದಿಂದ ಮರಳುಗಡಿಯಾರ ಕಾಣಿಸಿಕೊಳ್ಳುವ ಮುಂಚೆಯೇ ಮಾಯವಾಗುತ್ತಿತ್ತು. ನನಗಾದ ಸಂತೋಷ ಈಗಲೂ ನಿಜ, ಅದನ್ನು ಕಡಿಮೆ ಮಾಡಿ ಹೇಳಲಾರೆ. ಒಂದು ಛಾಯೆ ಸರಿಯಿಲ್ಲವೆಂದರೆ ಇನ್ನೊಂದು ಪ್ರಯತ್ನ ಮಾಡಬಹುದಿತ್ತು, ಮತ್ತೊಂದು. ಹುಲಿಯ ಮೀಸೆ ಮೊದಲ ಸಲ ಮೀಸೆಯಂತೆ ಬಂತು. ಕೈಗೆ ಯಂತ್ರ ಅಡ್ಡ ಬರದಿದ್ದರೆ ಕೆಲಸ ಎಷ್ಟು ಚೆಂದ ಎಂದು ತಿಳಿದದ್ದು ಆಗಲೇ.

ಆದರೆ ಚಪ್ಪಲಿ ಮೆಟ್ಟಿ ಹೊರಗೆ ಬರುವುದು ನಿಂತುಹೋಯಿತು. ಯಾರೂ ತಡೆದದ್ದಲ್ಲ, ಹೊತ್ತೇ ಇರಲಿಲ್ಲ. ದಿನಕ್ಕೆ ಒಂದು ಚಿತ್ರ ಮುಗಿಸುತ್ತಿದ್ದವನು ಮೂರು ಮುಗಿಸುತ್ತೇನೆಂದು ತಿಳಿದ ಮೇಲೆ ಅಣ್ಣ ಮೂರು ಒಪ್ಪಿಕೊಂಡರು, ಆಮೇಲೆ ನಾಲ್ಕು. ಬೆಳಿಗ್ಗೆ ಎಂಟೂವರೆಯಿಂದ ರಾತ್ರಿ ಎಂಟೂವರೆವರೆಗೆ, ತಿರುಪ್ಪೂರಿನ ಲೆಕ್ಕದಲ್ಲಿ ಒಂದೂವರೆ ಶಿಫ್ಟು, ಮೊದಲೂ ಅಷ್ಟೇ, ಈಗಲೂ ಅಷ್ಟೇ. ಟೀ ಕೋಣೆಯೊಳಗೇ ಬರತೊಡಗಿತು. ಹೊರಗಿನವರ ಗತಿಯೂ ಬದಲಾಯಿತು. ಪಾಸಿಟಿವ್ ತಡವಾದಾಗ ಮೇಜಿನ ಹುಡುಗರಿಗೂ ಅರ್ಧ ಗಂಟೆ ಕೂರಲು ಸಿಗುತ್ತಿತ್ತು. ಈಗ ಪಾಸಿಟಿವ್ ಕಾಯುತ್ತಿರುತ್ತಿತ್ತು, ಹುಡುಗರು ಓಡುತ್ತಿದ್ದರು. ಹೊಸದಾಗಿ ಸೇರಿದವರ ಹೆಸರು ನನಗೆ ಗೊತ್ತಾಗಲಿಲ್ಲ. ಬಣ್ಣದ ಮುದುಕರು ಕೆಲಸ ಬಿಟ್ಟು ಊರಿಗೆ ಹೋದದ್ದು ನನಗೆ ತಿಳಿದದ್ದು ವಾರದ ಮೇಲೆ. ವೇಗ ಬಂದದ್ದು ನಿಜ. ಅದು ಬಂದು ನಮ್ಮ ಪಟ್ಟರೆಯಲ್ಲಿ ಯಾರ ಕೈಯಲ್ಲಿ ಉಳಿಯಿತು ಎಂದು ನಾನು ಆಗ ಕೇಳಲಿಲ್ಲ. ಇಪ್ಪತ್ತೈದು ವರ್ಷದಿಂದ ಕೇಳುತ್ತಿದ್ದೇನೆ.

ಅಣ್ಣನ ಕೈಯಲ್ಲಂತೂ ಬಹಳ ಉಳಿಯಲಿಲ್ಲ. ನಮ್ಮಲ್ಲಿ ಬೇಗ ಆಗುತ್ತದೆಂದು ತಿಳಿದ ಮರ್ಚಂಡೈಸರ್‌ಗಳು ಸ್ಟ್ರೈಕ್ ಆಫ್ ಕೇಳುವ ಗಡುವು ಇಳಿಸಿದರು. ಎಲ್ಲ ಪಟ್ಟರೆಯವರೂ ಪ್ರೊಸೆಸರ್ ಬದಲಾಯಿಸಿದ ಮೇಲೆ ಆ ಗಡುವೇ ವಾಡಿಕೆಯಾಯಿತು. 2005ರ ಜನವರಿ 1ಕ್ಕೆ ಜಗತ್ತಿನ ಜವಳಿ ಕೋಟಾ ಪದ್ಧತಿ ಮುಗಿದಾಗ ತಿರುಪ್ಪೂರು ಹಿಗ್ಗಿತು, ಜೊತೆಗೆ ಬೇರೆ ದೇಶಗಳ ಅಗ್ಗದ ದರದೊಡನೆ ಜಗ್ಗಾಟವೂ ಹೆಚ್ಚಿತು. ಒಂದು ಅಂಗಿಯ ಅಚ್ಚಿಗೆ ಸಿಗುವ ದರ ಇದ್ದಲ್ಲೇ ಇತ್ತು. ಹೊಸ ಚಿಪ್ಪಿನ ಲಾಭ ಸೇರಿದ್ದು ಆ ಟೀ ಶರ್ಟನ್ನು ದೂರದ ಊರಿನಲ್ಲಿ ಮಾರಿದವರಿಗೆ, ಕೊಂಡವರಿಗೆ.

ಪ್ರೊಸೆಸರ್ ಬದಲಾಯಿಸಿದ 2000ದ ದೀಪಾವಳಿ ಅಕ್ಟೋಬರ್ 26ಕ್ಕೆ. ತಮಿಳುನಾಡಿನಲ್ಲಿ ದುಡಿದವರಿಗೆ ಗೊತ್ತು, ದೀಪಾವಳಿ ಬೋನಸ್ ಎಂದರೆ ವರ್ಷದ ಲೆಕ್ಕವೇ ಅದು. ಹೊಸ ಬಟ್ಟೆ, ಸಾಲದ ಕಂತು, ತಂಗಿಯ ಓಲೆ, ಎಲ್ಲ ಅದರ ಮೇಲೆ. ಆ ಸಲ ಅಣ್ಣ ಎಲ್ಲರನ್ನೂ ಕೂರಿಸಿ, ಕಂಪ್ಯೂಟರಿಗೆ ಖರ್ಚಾಗಿದೆ, ಅರ್ಧ ಈಗ, ಅರ್ಧ ಪೊಂಗಲ್‌ಗೆ ಎಂದರು. ಪೊಂಗಲ್ ಬಂತು. ಉಳಿದರ್ಧ ಬರಲಿಲ್ಲ. ಕಂಪ್ಯೂಟರಿನ ಹತ್ತಿರ ಒಮ್ಮೆಯೂ ಹೋಗದ ಹುಡುಗರು ಅದರ ಬೆಲೆ ಕೊಟ್ಟಿದ್ದರು. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಅದೇ ಅಣ್ಣ ಆ ಹಬ್ಬದ ದಿನ, ಊರಿಗೆ ಹೋಗಲಾರದೆ ಮಾಳಿಗೆಯಲ್ಲಿ ಒಬ್ಬನೇ ಉಳಿದಿದ್ದ ನನ್ನನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಮನೆಗೆ ಕರೆದೊಯ್ದರು. ಅವರ ತಾಯಿ ನನ್ನ ನೆತ್ತಿಗೆ ಎಣ್ಣೆಯೊತ್ತಿದರು. ಅಣ್ಣ ತಮ್ಮ ಮಗನಿಗೆ ತಂದಂಥದೇ ಅಂಗಿ ನನಗೂ ತಂದಿದ್ದರು. ಇಡ್ಲಿ, ಕೋಳಿಸಾರು. ಚೌಡೇಶ್ವರಿಯ ಪಟದ ಮುಂದೆ ನಿಂತು ರಾಜಕುಮಾರ್ ಸುಖವಾಗಿ ಬರಲಿ ಎಂದು ಅಜ್ಜಿ ಗಟ್ಟಿಯಾಗಿ ಬೇಡಿಕೊಂಡರು. ನವೆಂಬರ್ 15ಕ್ಕೆ ಬಿಡುಗಡೆಯಾದಾಗ ಪಟ್ಟರೆಗೆಲ್ಲ ಲಾಡು ಹಂಚಿದರು. ಆ ಎಣ್ಣೆಯ ಕೈಯನ್ನೂ ಬಾರದ ಅರ್ಧ ಬೋನಸ್ಸನ್ನೂ ಒಂದರಿಂದ ಇನ್ನೊಂದನ್ನು ಕಳೆದು ಲೆಕ್ಕ ಮುಗಿಸಲು ನನಗೆ ಬರುವುದಿಲ್ಲ.

ನಾನು 2003ರಲ್ಲಿ ಮೈಸೂರಿಗೆ ಬಂದೆ. ಪಟ್ಟರೆ ಇನ್ನೂ ಕೆಲವು ವರ್ಷ ನಡೆಯಿತು. 2011ರ ಜನವರಿಯಲ್ಲಿ ನೊಯ್ಯಲ್ ಹೊಳೆಗೆ ಬಣ್ಣದ ನೀರು ಬಿಡುವುದನ್ನು ತಡೆಯಲು ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಮುಚ್ಚಿಸಿದ್ದು ಸರಿಯೇ. ಆ ಹೊಳೆಯ ಕೆಳಗಿನ ಹೊಲಗಳು ಹಾಳಾಗಿದ್ದನ್ನು ಕಂಡವರು ಬೇರೆ ಮಾತಾಡಲಾರರು. ಆದರೆ ಬಣ್ಣ ಹಾಕಿದ ಬಟ್ಟೆ ಬರದಿದ್ದರೆ ಅಚ್ಚು ಯಾವುದರ ಮೇಲೆ ಹಾಕುವುದು? ಮರುವರ್ಷ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟಿಲ್ಲ. ಡೀಸೆಲ್ ಸುಟ್ಟು ಅಚ್ಚು ಹಾಕಿದರೆ ಕೂಲಿಯೂ ಹುಟ್ಟುತ್ತಿರಲಿಲ್ಲ. ಅಣ್ಣ ಮೇಜುಗಳನ್ನು ಮಾರಿ ಕೊಯಮತ್ತೂರಿಗೆ ಮರಳಿದರು.

ಅಕ್ಕ ಈಗ ಕೊಯಮತ್ತೂರಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾಳೆ. ಇ7500 ತರುವ ಮುಂಚೆ ನಾನು ಫೋನ್ ಮಾಡಿದ್ದು ಅವಳಿಗೇ. ಅವಳ ಗಿರಾಕಿಗಳಲ್ಲಿ ಹೆಚ್ಚಿನವರು ಹಳೆಯ ಯಂತ್ರಗಳ ಮಾಲೀಕರು. ಎಂಬ್ರಾಯಿಡರಿ ಯಂತ್ರದ ಸಾಫ್ಟ್‌ವೇರ್‌ಗೆ ಪ್ಯಾರಲಲ್ ಪೋರ್ಟಿನಲ್ಲಿ ಸಿಕ್ಕಿಸುವ ಡಾಂಗಲ್ ಬೇಕು, ಹೊಸ ಬೋರ್ಡಿನಲ್ಲಿ ಆ ಪೋರ್ಟೇ ಇಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರ ಇಪ್ಪತ್ತು ವರ್ಷದ ಹಿಂದಿನ ಕಂಪ್ಯೂಟರಿನ ಮೇಲೆ ನಿಂತಿರುತ್ತದೆ. ಅಂಥವರಿಗೆ ಅವಳು ವೇಗ ಮಾರುವುದಿಲ್ಲ, ಇದ್ದದ್ದನ್ನು ಇದ್ದಂತೆ ಉಳಿಸಿಕೊಡುತ್ತಾಳೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮನೆಯ ಹುಡುಗ ಹುಡುಗಿಯರು ಬಿಚ್ಚಿ ನೋಡಿ ಕಲಿಯುವ ದಾರಿ ಮುಚ್ಚಿದ್ದಕ್ಕೆ ಅವಳಿಗೆ ನಿಜವಾದ ಸಿಟ್ಟಿದೆ. ನನಗೂ ಇದೆ.

ಕಳೆದ ಡಿಸೆಂಬರಿನಲ್ಲಿ ಅಣ್ಣನನ್ನು ನೋಡಲು ಹೋದೆ. ಮಂಡಿನೋವು, ಕಣ್ಣಿನ ಆಪರೇಷನ್ ಆಗಿದೆ, ನೆನಪು ಮಾತ್ರ ಗಟ್ಟಿ. ತಾಳವಾಡಿಯ ಹುಡುಗನ ಕಂಪ್ಯೂಟರಿನ ಸುದ್ದಿ ಹೇಳಿದೆ. ಹೇಳುತ್ತ ಹೇಳುತ್ತ ಬೋನಸ್ಸಿನ ಮಾತೂ ಬಂತು. ನಾನು ಮೆಲ್ಲಗೆ ಕೇಳಲಿಲ್ಲ, ನೇರವಾಗಿಯೇ ಕೇಳಿದೆ. ಆ ಹುಡುಗರಿಗೆ ಕೊಡಬೇಕಾಗಿತ್ತು ಅಣ್ಣ, ಪೊಂಗಲ್‌ಗಾದರೂ ಎಂದೆ. ಅಂದು ಪ್ರೊಸೆಸರ್ ಹಾಕದಿದ್ದರೆ ಆರ್ಡರ್ ಹೋಗುತ್ತಿತ್ತು, ಆರ್ಡರ್ ಹೋದರೆ ಮೂವತ್ತು ಜನ ಬೀದಿಗೆ ಬರುತ್ತಿದ್ದರು ಎಂದು ಅವರು ವಾದಿಸಿದರು. ಆರ್ಡರ್ ಉಳಿದ ಮೇಲೆ ಕೊಡಬಹುದಿತ್ತಲ್ಲ ಎಂದೆ. ಸಾಲದ ಕಂತು ಎಂದರು. ಯಾವ ಕಂತು ಎಷ್ಟು ಎಂದು ಕೈಬೆರಳಲ್ಲಿ ಎಣಿಸಿ ಹೇಳಿದರು. ನಾನು ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ಅತ್ತಿಗೆ ಕಾಫಿ ತಂದಿಟ್ಟು, "ಇನ್ನೂ ಮುಗೀಲಿಲ್ವಾ ನಿಮ್ಮ ಲೆಕ್ಕ?" ಎಂದರು.

ಹೊರಡುವಾಗ ಬಾಗಿಲವರೆಗೆ ಬಂದು ಹೇಳಿದರು: "ಮುಂದಿನ ಸಲ ಆ ಹುಡುಗೀನೂ ಕರ್ಕೊಂಡು ಬಾ ತಂಬಿ. ಅವಳ ಸರ್ವಿಸ್ ಬಿಲ್ಲಿಗೆ ಅರ್ಧ ದುಡ್ಡು ಕೊಟ್ಟೆ, ಉಳಿದದ್ದಕ್ಕೆ ಟೀ ಶರ್ಟ್ ಕೊಟ್ಟೆ. ಅದೂ ಬಾಕಿ ಇದೆ."